49 ಸಾವಿರ ಯೂರೋ ಸಂಬಳಕ್ಕೆ ಹೆಂಡತಿಯನ್ನು ಕರೆದುಕೊಂಡು ಜರ್ಮನಿಗೆ ಹೋಗಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ 31 ವರ್ಷ, ಬೆಂಗಳೂರಿನಲ್ಲಿ ಟೆಸ್ಟ್ ಎಂಜಿನಿಯರ್, ವರ್ಷಕ್ಕೆ 16 ಲಕ್ಷ. ಹೆಂಡತಿಗೆ 11 ಲಕ್ಷ. ಮದುವೆಯಾಗಿ ಒಂದೂವರೆ ವರ್ಷ. ಕೆಂಗೇರಿ ಕಡೆ ಫ್ಲಾಟ್, ತಿಂಗಳಿಗೆ 42 ಸಾವಿರ ಕಂತು. ಈಗ ನ್ಯೂರೆಂಬರ್ಗ್‌ನಿಂದ ವರ್ಷಕ್ಕೆ 49 ಸಾವಿರ ಯೂರೋ ಆಫರ್ ಬಂದಿದೆ. 'ಇಷ್ಟು ಕಡಿಮೆಗೆ ಯಾಕೆ ಹೋಗ್ತೀಯ' ಅಂತ ಸ್ನೇಹಿತರು, 'ಇಂಥ ಅವಕಾಶ ಮತ್ತೆ ಸಿಗಲ್ಲ' ಅಂತ ಅಣ್ಣ. ಏನು ಮಾಡಲಿ ಅಂತ ಕೇಳಿದ್ದೀರಿ.

ಫ್ಲಾಟ್ ಎಷ್ಟನೇ ಮಹಡಿ ಅನ್ನುವುದೊಂದು ಬಿಟ್ಟು ಎಲ್ಲ ಬರೆದಿದ್ದೀರಿ. ಆದರೆ ಹೆಂಡತಿ ಏನು ಕೆಲಸ ಮಾಡುತ್ತಾರೆ ಅಂತ ಮಾತ್ರ ಬರೆದಿಲ್ಲ. ಬರೀ 11 ಲಕ್ಷ ಅಂತ ಇದೆ.

ನಾನು ಆ ಹೆಂಡತಿಯ ಜಾಗದಲ್ಲಿ ಇದ್ದವಳು. ಊರು ಹಾಸನ. 2019ರ ಅಕ್ಟೋಬರ್‌ನಲ್ಲಿ ಗಂಡನ ಜೊತೆ ಇದೇ ನ್ಯೂರೆಂಬರ್ಗ್‌ಗೆ ಬಂದೆ. ಅವನ ಸಂಬಳ ಆಗ 46 ಸಾವಿರ ಯೂರೋ. ನಿಮ್ಮ ಹಾಗೇ ನಾವೂ ಎಕ್ಸೆಲ್ ಹಾಳೆ ಮಾಡಿದ್ದೆವು. ಅದರಲ್ಲಿ ಅಕ್ಕಿಯ ಬೆಲೆಯೂ ಇತ್ತು. ನನಗಾಗಿ ಒಂದು ಸಾಲೂ ಇರಲಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸೋಣ, ಅದೇ ಸುಲಭ. 49 ಸಾವಿರವನ್ನು 100ರಿಂದ ಗುಣಿಸಿ 49 ಲಕ್ಷ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದರೆ ಆ ಮಾತನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ. ಅದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮುಂಚಿನ ಮೊತ್ತ. ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ, ಇವೇ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತಿನ್ನುತ್ತವೆ. ಆಮೇಲೆ ತೆರಿಗೆ. ಹೆಂಡತಿ ಇಲ್ಲೇ ಜೊತೆಗಿದ್ದರೆ ನೀವು ಮೂರನೇ ತೆರಿಗೆ ವರ್ಗ, ಅಂದರೆ ಗಂಡ ಹೆಂಡತಿಯಲ್ಲಿ ಹೆಚ್ಚು ದುಡಿಯುವವರಿಗೆ ಕಡಿಮೆ ತೆರಿಗೆ ಕತ್ತರಿಸುವ ವರ್ಗ, ಆರಿಸಿಕೊಳ್ಳಬಹುದು. ಆಗ ತಿಂಗಳಿಗೆ ಕೈಗೆ 3,000 ಯೂರೋಗೆ ಸ್ವಲ್ಪ ಕಡಿಮೆ ಬರುತ್ತದೆ. ನೀವೊಬ್ಬರೇ ಬಂದರೆ ಒಂದನೇ ವರ್ಗ, 2,600ರ ಮೇಲೆ ಚೂರು.

ಖರ್ಚು? ಇಬ್ಬರಿಗೆ ಸಾಕಾಗುವ ಮನೆಗೆ ಈ ಊರಲ್ಲಿ 900ರಿಂದ 1,100 ಯೂರೋ ಇಟ್ಟುಕೊಳ್ಳಿ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಕಾಲ್ಟ್‌ಮೀಟೆ, ಅಂದರೆ ತಣ್ಣನೆ ಬಾಡಿಗೆ. ನೀವು ಕಟ್ಟುವುದು ವಾರ್ಮ್‌ಮೀಟೆ, ನೀರು, ಕಸ, ಹೆಚ್ಚಿನ ಕಡೆ ಹೀಟರಿನ ಖರ್ಚೂ ಸೇರಿದ್ದು. ಕರೆಂಟು ಬೇರೆ. ಇನ್ನೊಂದು, ಇಲ್ಲಿ 'ಎರಡು ಕೋಣೆಯ ಮನೆ' ಅಂದರೆ ಒಂದು ಹಾಲ್, ಒಂದು ಮಲಗುವ ಕೋಣೆ. ನಮ್ಮ ಲೆಕ್ಕದ 2 ಬಿಎಚ್‌ಕೆ ಅಲ್ಲ. ನಮ್ಮಮ್ಮ ವಿಡಿಯೋ ಕಾಲಿನಲ್ಲಿ 'ಇನ್ನೊಂದು ರೂಮು ತೋರಿಸೇ' ಅಂತ ತುಂಬ ಹೊತ್ತು ಕೇಳಿದ್ದರು.

ಅಡ್ವಾನ್ಸ್ ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ, ಅದು ಕಾನೂನು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸ್ವರ್ಗ. ಆದರೆ ಎಷ್ಟೋ ಬಾಡಿಗೆ ಮನೆಗಳಿಗೆ ಅಡುಗೆಮನೆಯೇ ಇರುವುದಿಲ್ಲ. ಕೋಣೆ ಇರುತ್ತದೆ, ಗೋಡೆಯಲ್ಲಿ ನಲ್ಲಿಯ ಪೈಪು ಇರುತ್ತದೆ, ಅಷ್ಟೇ. ಸಿಂಕು, ಒಲೆ, ಕಪಾಟು ನೀವೇ ತರಬೇಕು. ನಾವು ಐದು ವಾರ ನೆಲದ ಮೇಲೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡು, ಪಾತ್ರೆಯನ್ನು ಬಾತ್‌ರೂಮಿನಲ್ಲಿ ತೊಳೆದೆವು.

ದಿನಸಿ 400, ಸ್ಥಳೀಯ ಬಸ್ಸು, ರೈಲಿನ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಇಬ್ಬರಿಗೆ 126 (2026ರಿಂದ ತಲಾ 63), ಟಿವಿ ಇಲ್ಲದಿದ್ದರೂ ಕಟ್ಟಬೇಕಾದ ಪ್ರಸಾರ ಶುಲ್ಕ 18.36, ಕರೆಂಟು, ಇಂಟರ್‌ನೆಟ್, ಫೋನು. ಎಲ್ಲ ಸೇರಿ 1,700ರಿಂದ 1,800. ಕೆಂಗೇರಿ ಕಂತಿಗೆ ಸುಮಾರು 400. ವರ್ಷಕ್ಕೊಮ್ಮೆ ಇಬ್ಬರೂ ಊರಿಗೆ ಹೋಗಿ ಬರಲು ಸ್ವಲ್ಪ ಎತ್ತಿಟ್ಟರೆ ತಿಂಗಳಿಗೆ 600 ಉಳಿದೀತು. ಹಸಿವಿನಿಂದ ಇರುವುದಿಲ್ಲ. ಆದರೆ ಇಬ್ಬರೂ ಸೇರಿ 27 ಲಕ್ಷ ದುಡಿಯುವ ಮನೆಯಲ್ಲಿ ಈಗ ಉಳಿಯುತ್ತಿರುವಷ್ಟು ಇಲ್ಲಿ ಒಂದು ಸಂಬಳದಲ್ಲಿ ಉಳಿಯುವುದಿಲ್ಲ.

ನಿಮ್ಮ ಸಂಬಳಕ್ಕೆ ಸರಕಾರಿ ಆರೋಗ್ಯ ವಿಮೆಯೇ ಕಡ್ಡಾಯ. ಒಳ್ಳೆಯದೇ ಆಯಿತು. ಸಂಬಳ ಇಲ್ಲದ ಹೆಂಡತಿ ಅದರಲ್ಲೇ ಬಿಟ್ಟಿಯಾಗಿ ಸೇರುತ್ತಾರೆ. ಖಾಸಗಿ ವಿಮೆಯಾಗಿದ್ದರೆ ಅವರಿಗೆ ಬೇರೆ ಕಟ್ಟಬೇಕಿತ್ತು.

ವೀಸಾ ಒಂದು ಸಲ ಸರಿಯಾಗಿ ನೋಡಿಕೊಳ್ಳಿ. ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ. ಅದಕ್ಕೆ 2026ರಲ್ಲಿ ಇರಬೇಕಾದ ಸಾಮಾನ್ಯ ಕನಿಷ್ಠ ಸಂಬಳದ ಮಿತಿ 50,700 ಯೂರೋ. ನಿಮ್ಮದು ಅದಕ್ಕಿಂತ ಕಡಿಮೆ. ಆದರೆ ಎಂಜಿನಿಯರಿಂಗ್, ಐಟಿಯಂಥ ಜನ ಸಾಲದ ಕೆಲಸಗಳಿಗೆ ಮಿತಿ 45,934. ಅದರೊಳಗೆ ನೀವು ಬರುತ್ತೀರಿ, ಕರಾರಿನಲ್ಲಿ ಹುದ್ದೆಯ ಹೆಸರು ಎಂಜಿನಿಯರ್ ಅಂತ ಸ್ಪಷ್ಟವಾಗಿ ಇದ್ದರೆ. 'ಟೆಕ್ನಿಷಿಯನ್' ಅಂತ ಇದ್ದರೆ ಸಹಿಗೆ ಮುಂಚೆಯೇ ಕೇಳಿ. ನಿಮ್ಮ ಕಾಲೇಜು, ಡಿಗ್ರಿ ಅನಾಬಿನ್ ಅನ್ನುವ ವಿದೇಶಿ ಡಿಗ್ರಿಗಳ ಜರ್ಮನ್ ಪಟ್ಟಿಯಲ್ಲಿ ಹೇಗೆ ನಮೂದಾಗಿದೆ ಅಂತಲೂ ನೋಡಿ. ಬ್ಲೂ ಕಾರ್ಡ್ ಯಾಕೆ ಮುಖ್ಯ ಅಂದರೆ, ಅದರ ಮೇಲೆ ಬರುವ ಸಂಗಾತಿ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಿ ಬರಬೇಕಿಲ್ಲ. ಬಂದ ದಿನದಿಂದ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕೂ ಇದೆ.

'ಹಕ್ಕು ಇದೆ' ಅನ್ನುವುದನ್ನು ಓದಿ ನಾವು ಎಷ್ಟು ಖುಷಿಪಟ್ಟಿದ್ದೆವು ಗೊತ್ತಾ? ಹಕ್ಕು ಬೇರೆ, ಕೆಲಸ ಬೇರೆ ಅಂತ ತಿಳಿಯಲು ನನಗೆ ಒಂದು ಚಳಿಗಾಲ ಬೇಕಾಯಿತು.

ಬೆಂಗಳೂರಿನಲ್ಲಿ ನನ್ನದು ಎಚ್‌ಆರ್ ಕೆಲಸ. ಜನರ ಜೊತೆ ಮಾತಾಡುವುದೇ ನನ್ನ ಕಸುಬು. ಇಲ್ಲಿ ಎಚ್‌ಆರ್ ಅಂದರೆ ಜರ್ಮನ್ ಕಾರ್ಮಿಕ ಕಾನೂನು, ಜರ್ಮನ್ ಕರಾರು, ಜರ್ಮನ್ ಫೋನ್ ಕರೆ. 70 ಅರ್ಜಿ ಹಾಕಿದೆ. ಬಂದ ಉತ್ತರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಾತು: ಜರ್ಮನ್ ಬಿ2 ಆದಮೇಲೆ ನೋಡೋಣ. (ಭಾಷೆಯ ಹಂತಗಳು ಎ1ರಿಂದ ಶುರುವಾಗಿ ಎ2, ಬಿ1, ಬಿ2 ಅಂತ ಏರುತ್ತವೆ.) ತಮಾಷೆ ಅಂದರೆ ಇಡೀ ಜರ್ಮನಿಯ ಉದ್ಯೋಗ ಇಲಾಖೆಯ ಕೇಂದ್ರ ಕಚೇರಿಯೂ, ವಲಸೆ ಇಲಾಖೆಯ ಕೇಂದ್ರ ಕಚೇರಿಯೂ ಇರುವುದು ಇದೇ ಊರಲ್ಲಿ. ಎರಡರ ಮುಂದೆಯೂ ಎಷ್ಟೋ ಸಲ ಹಾದು ಹೋಗಿದ್ದೇನೆ.

ಗಂಡ ಬೆಳಿಗ್ಗೆ ಏಳೂವರೆಗೆ ಹೊರಡುತ್ತಿದ್ದ. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರಕ್ಕೆ ಅಮ್ಮನಿಗೆ ಫೋನು ಮಾಡಿದರೆ ಅಲ್ಲಿ ಸಂಜೆ ಏಳೂವರೆ, ಅವರು ಧಾರಾವಾಹಿ ನೋಡುತ್ತಾ 'ಹೂಂ, ಹೂಂ' ಅನ್ನುತ್ತಿದ್ದರು. ಅಂಗಡಿಗೆ ಹೋದರೆ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸುವ ಚಾಳಿ. ಒಂದು ಕಾಫಿ 300 ರೂಪಾಯಿ ಅನ್ನಿಸಿ ಕುಡಿಯದೆ ಬರುತ್ತಿದ್ದೆ. ಗಂಡ ಎಂದೂ ಲೆಕ್ಕ ಕೇಳಿದವನಲ್ಲ. ಆದರೂ 23ನೇ ವಯಸ್ಸಿನಿಂದ ದುಡಿದವಳಿಗೆ ಬೇರೆಯವರ ಕಾರ್ಡು ಉಜ್ಜುವಾಗ ಕೈ ತಡೆಯುತ್ತದೆ. ನಮ್ಮ ಜಗಳಗಳೆಲ್ಲ ಪಾತ್ರೆಯ ಬಗ್ಗೆ, ಹೀಟರಿನ ಬಗ್ಗೆ ಇರುತ್ತಿದ್ದವು. ನಿಜವಾಗಿ ಯಾವುದರ ಬಗ್ಗೆ ಅಂತ ಇಬ್ಬರಿಗೂ ಗೊತ್ತಿತ್ತು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಜರ್ಮನ್ ತರಗತಿಯೂ ನಿಂತಿತು. ಬಿ1 ಮುಗಿದದ್ದು 2021ರಲ್ಲಿ, ಬಿ2 2022ರಲ್ಲಿ. ಮಧ್ಯೆ ಒಂದು ಬೇಕರಿಯಲ್ಲಿ ಮಿನಿಜಾಬ್, ಅಂದರೆ ಸಣ್ಣ ಸಂಬಳದ ಅರೆಕಾಲಿಕ ಕೆಲಸ, ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಜರ್ಮನ್ ಬಂದದ್ದು ಅಲ್ಲೇ. ಬ್ರೆಡ್ಡಿನ ಹೆಸರು ತಪ್ಪು ಹೇಳಿದರೆ ಅಜ್ಜಿಯರು ನಿಲ್ಲಿಸಿ ತಿದ್ದುತ್ತಿದ್ದರು. ಈಗ ಪಕ್ಕದ ಊರು ಎರ್ಲಾಂಗೆನ್‌ನ ಒಂದು ಕಂಪನಿಯಲ್ಲಿ ಸಂಬಳ ವಿಭಾಗದಲ್ಲಿ ಇದ್ದೇನೆ. ಬಂದ ದಿನದಿಂದ ಆ ಮೊದಲ ಸರಿಯಾದ ಸಂಬಳದವರೆಗೆ ಎರಡು ವರ್ಷ ಏಳು ತಿಂಗಳು.

ಅದಕ್ಕೇ ಹೆಂಡತಿ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದ್ದು. ಅವರು ಸಾಫ್ಟ್‌ವೇರ್ ಬರೆಯುವವರಾದರೆ ಇಂಗ್ಲಿಷಿನಲ್ಲೇ ಕೆಲಸ ಸಿಗುವ ಸಾಧ್ಯತೆ ಇದೆ. ಬರ್ಲಿನ್‌ನಷ್ಟು ಸುಲಭ ಅಲ್ಲ, ಆದರೂ ಇದೆ. ನರ್ಸ್ ಆದರೆ ಭಾಷೆಯ ಜೊತೆ ಓದಿಗೆ ಮಾನ್ಯತೆ ಪಡೆಯಬೇಕು. ಅದು ಆದಮೇಲೆ ಕೆಲಸಕ್ಕೆ ಕೊರತೆ ಇಲ್ಲ. ಡಾಕ್ಟರ್ ಆದರೆ ವೈದ್ಯಕೀಯ ಜರ್ಮನ್ ಪರೀಕ್ಷೆ, ಅಪ್ರೊಬಾಟ್ಸಿಯೋನ್ ಅನ್ನುವ ಪರವಾನಗಿ, ದೊಡ್ಡ ದಾರಿ. ಟೀಚರ್, ಲಾಯರ್, ಅಕೌಂಟೆಂಟ್, ನನ್ನಂಥ ಎಚ್‌ಆರ್ ಆದರೆ ಹೆಚ್ಚುಕಡಿಮೆ ಒಂದನೇ ಕ್ಲಾಸಿನಿಂದ ಶುರು. ಬ್ಯಾಂಕೋ ಸರಕಾರಿ ನೌಕರಿಯೋ ಆಗಿದ್ದರೆ ರಾಜೀನಾಮೆ ಬೇಡವೇ ಬೇಡ, ಸಂಬಳವಿಲ್ಲದ ರಜೆ ಎಷ್ಟು ಸಿಗುತ್ತದೆ ಕೇಳಿ.

'ಬೆಂಗಳೂರಿನ ಕೆಲಸವನ್ನೇ ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಮಾಡ್ತಾಳೆ' ಅಂತ ನಿಮ್ಮ ತಲೆಯಲ್ಲಿದ್ದರೆ ಅದನ್ನು ಈಗಲೇ ಕಂಪನಿಯ ಜೊತೆ ಮಾತಾಡಿ ತೀರ್ಮಾನಿಸಿ. ಇಲ್ಲಿ ಕೂತು ದುಡಿದರೆ ತೆರಿಗೆಯೂ ಸಾಮಾಜಿಕ ವಿಮೆಯೂ ಇಲ್ಲಿನವು. ಅದು ಕಂಪನಿಯ ಕೊರಳಿಗೂ ಬರುತ್ತದೆ. ನನಗೆ ಗೊತ್ತಿರುವ ಮೂವರಿಗೆ ಅವರವರ ಕಂಪನಿ ಆಗಲ್ಲ ಅಂದಿತು. ಗುಟ್ಟಾಗಿ ಮಾಡುವುದಂತೂ ಬೇಡ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ನೀವು ಮೊದಲು ಬನ್ನಿ. ಅವರು ಆರು ತಿಂಗಳು ಬಿಟ್ಟು ಬರಲಿ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಮದುವೆಯಾದ ಹೊಸದರಲ್ಲಿ ದೂರ ಇರುವುದಾ ಅಂತ. ನಮ್ಮತ್ತೆಯೂ ಅದನ್ನೇ ಹೇಳಿ ನಮ್ಮಿಬ್ಬರನ್ನೂ ಒಂದೇ ವಿಮಾನ ಹತ್ತಿಸಿದ್ದರು. ಆದರೆ ಲೆಕ್ಕ ನೋಡಿ. ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೆಟ್ಸೈಟ್, ಪರೀಕ್ಷಾ ಅವಧಿ. ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಹನ್ನೆರಡು ತಿಂಗಳು ವಿಮೆ ಕಟ್ಟದೆ ನಿರುದ್ಯೋಗ ಭತ್ಯೆಯೂ ಇಲ್ಲ. ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಒಂದು ಸಂಬಳ ಬರುತ್ತಿದ್ದರೆ ಕಂತು ತಾನಾಗಿ ಕಟ್ಟಿಹೋಗುತ್ತದೆ. ಮೂರನೇ ತೆರಿಗೆ ವರ್ಗ ಸಿಗದೆ ತಿಂಗಳಿಗೆ 300 ಯೂರೋ ಹೋಗುತ್ತದೆ, ಹೋಗಲಿ. ಅವರು ಬಂದ ವರ್ಷದ ತೆರಿಗೆ ರಿಟರ್ನ್ ಒಟ್ಟಿಗೆ ಹಾಕಿದರೆ ಅದರಲ್ಲೂ ಒಂದಷ್ಟು ವಾಪಸ್ ಬರಬಹುದು.

ಆ ಆರು ತಿಂಗಳಲ್ಲಿ ಅವರು ಬೆಂಗಳೂರಿನಲ್ಲೇ ಎ1, ಎ2 ಮುಗಿಸಲಿ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಗೊಯ್ಥೆ ಇನ್‌ಸ್ಟಿಟ್ಯೂಟ್ ಇದೆ, ನಾವೆಲ್ಲ ಮ್ಯಾಕ್ಸ್ ಮುಲ್ಲರ್ ಭವನ ಅನ್ನುವುದು. ಆಫೀಸಿನ ಆಮೇಲೆ ತರಗತಿ ಕಷ್ಟ, ಟ್ರಾಫಿಕ್ ಗೊತ್ತಲ್ಲ, ಆನ್‌ಲೈನ್ ಆದರೂ ಸರಿ. ಎ2 ಇಟ್ಟುಕೊಂಡು ಇಳಿದವರಿಗೂ 'ಹಲೋ' ಮಾತ್ರ ಗೊತ್ತಿದ್ದು ಇಳಿದ ನನಗೂ ಒಂದು ವರ್ಷದ ಅಂತರ ಇರುತ್ತದೆ. ಬೇಸಿಗೆಯಲ್ಲಿ ಬಂದರೆ ಇನ್ನೂ ವಾಸಿ. ಅಕ್ಟೋಬರಿನಲ್ಲಿ ಮಾತ್ರ ಯಾರನ್ನೂ ಕರೆಸಬೇಡಿ.

ಸಂಬಳ 49ರಿಂದ 52ಕ್ಕೆ ಏರಿಸಲು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಅವರು ಒಪ್ಪದಿದ್ದರೆ ಬೇರೆ ಕೇಳಿ: ಮೊದಲ ಎರಡು ಮೂರು ತಿಂಗಳಿಗೆ ಕಂಪನಿಯ ಕಡೆಯಿಂದ ಮನೆ, ಇಬ್ಬರ ವಿಮಾನ ಟಿಕೆಟ್, ಇಬ್ಬರಿಗೂ ಜರ್ಮನ್ ತರಗತಿ. ಹೊಸಬರಿಗೆ ಇಲ್ಲಿ ಮನೆ ಸಿಗುವುದು ಕಷ್ಟ, ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಅದಕ್ಕೇ ಮನೆಯ ಬೇಡಿಕೆ ಸಂಬಳಕ್ಕಿಂತ ದೊಡ್ಡದು. ನನ್ನ ಗಂಡ ಇದ್ಯಾವುದನ್ನೂ ಕೇಳಿರಲಿಲ್ಲ. ನಾಚಿಕೆಯಂತೆ.

ಮುಂದೆ ಹೆಂಡತಿಗೆ ಕೆಲಸ ಸಿಕ್ಕಾಗ ಇನ್ನೊಂದು ಆಘಾತ ಇದೆ. ನೀವು ಮೂರನೇ ವರ್ಗದಲ್ಲಿದ್ದರೆ ಅವರು ಐದನೇ ವರ್ಗ. ಅವರ ಚೀಟಿಯಲ್ಲಿ ತೆರಿಗೆ ಎಷ್ಟು ಕತ್ತರಿಸಿರುತ್ತಾರೆ ಅಂದರೆ ನಾನು ಮೊದಲ ಸಂಬಳ ನೋಡಿ ತಪ್ಪಾಗಿದೆ ಅಂತ ನಮ್ಮದೇ ವಿಭಾಗಕ್ಕೆ ದೂರು ಕೊಟ್ಟಿದ್ದೆ! ಇಬ್ಬರೂ ನಾಲ್ಕನೇ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ವರ್ಷದ ಒಟ್ಟು ತೆರಿಗೆ ಅಷ್ಟೇ. ಆದರೆ ದುಡಿದದ್ದು ಅವರ ಖಾತೆಗೆ ಬರುತ್ತದೆ. ಅದು ಸಣ್ಣ ವಿಷಯ ಅಲ್ಲ.

ಪೌರತ್ವ, ಪಿಆರ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಬ್ಲೂ ಕಾರ್ಡ್ ಮೇಲೆ ಬಿ1 ಇದ್ದರೆ 21 ತಿಂಗಳಿಗೆ, ಎ1 ಇದ್ದರೆ 27 ತಿಂಗಳಿಗೆ ಕಾಯಂ ಪರವಾನಗಿಗೆ ಅರ್ಜಿ ಹಾಕಬಹುದು. ಸೋನಾಮಸೂರಿ, ರಾಗಿಹಿಟ್ಟು ಸಿಗುತ್ತವೆ. ಹುರುಳಿಕಾಳು ಮಾತ್ರ ತನ್ನಿ.

ನಿಮ್ಮ ಸಂಬಳ ಕಡಿಮೆ ಅಂತ ನಾನು ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕೆಲಸ ಇರುವ ಮನೆಗೆ ಅದು ಬಿಗಿ. ಎರಡು ವರ್ಷದಲ್ಲಿ ಇಬ್ಬರೂ ದುಡಿಯುವ ಮನೆಗೆ ಧಾರಾಳ. ಎರಡರಲ್ಲಿ ನಿಮ್ಮದು ಯಾವುದು ಅನ್ನುವುದು ಆಫರ್ ಲೆಟರಿನಲ್ಲಿ ಇಲ್ಲ. ಕಂಪನಿಯಿಂದ ಎರಡು ವಾರ ಸಮಯ ಕೇಳಿ, ಕೊಡುತ್ತಾರೆ. ಅಷ್ಟರಲ್ಲಿ ಒಂದು ರಾತ್ರಿ ಊಟ ಆದಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಕೇಳಿ, ಬರುವ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನ್ಯೂರೆಂಬರ್ಗ್‌ನಲ್ಲಿ ನೀನು ಏನು ಮಾಡುತ್ತಿರುತ್ತೀಯ ಅಂತ. 'ಹೇಗೋ ಆಗತ್ತೆ ಬಿಡಿ' ಅಂದರೆ ಒಪ್ಪಬೇಡಿ, ನಾನೂ ಹಾಗೇ ಅಂದಿದ್ದೆ.

ಅವರ ಓದು, ಕೆಲಸ ಏನು ಅಂತ ಇಲ್ಲೇ ಬರೆಯಿರಿ. ಅವರೇ ಬರೆದರೆ ಇನ್ನೂ ಒಳ್ಳೆಯದು. ಅರ್ಜಿ ಎಲ್ಲಿ ಹಾಕಬೇಕು, ಎಲ್ಲಿ ಸುಮ್ನೆ ಕಾಲಹರಣ ಅನ್ನುವುದನ್ನು ಅವರಿಗೇ ನೇರವಾಗಿ ಹೇಳುತ್ತೇನೆ.