ಗೌತಮಪುರದ ಮೈದಾನ ಯಾರದು, ಮೇಷ್ಟ್ರೇ?

"ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನುಗಳ ಫುಟ್‌ಬಾಲ್ ಮೈದಾನಕ್ಕೆ, ಕ್ಲಬ್ಬುಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅದು ದಂಡಿನವರ, ಅಂದರೆ ಕಂಟೋನ್ಮೆಂಟಿನವರ ಆಟ. ಆಡಿದವರ ಹೆಸರು ನೋಡಿದರೆ ಒಬ್ಬನೂ ನಮ್ಮವನಲ್ಲ. ಕಬಡ್ಡಿ, ಕೊಕ್ಕೊ ಆಡುವ ಹಳ್ಳಿ ಹುಡುಗರಿಗೆ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟವೂ ಇಲ್ಲ. ಅಷ್ಟು ಬೆಲೆಬಾಳುವ ಜಾಗದಲ್ಲಿ ಒಂದು ಕನ್ನಡ ಭವನವಾದರೂ ಎದ್ದರೆ ನಾಲ್ಕು ಜನಕ್ಕೆ ಉಪಯೋಗ."
– ನಿವೃತ್ತ ಶಿಕ್ಷಕರೊಬ್ಬರು, ಹಾಸನ ಜಿಲ್ಲೆ

ಮೇಷ್ಟ್ರೇ, ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ. ಸಿಟ್ಟಿನಲ್ಲಿ ಬರೆದದ್ದು ಅಚ್ಚಾಗಬಾರದು ಎಂದು ಹರಿದು ಹಾಕಿ ಈಗ ಮತ್ತೆ ಬರೆಯುತ್ತಿದ್ದೇನೆ. ಕಬಡ್ಡಿಯ ಮಾತಿನಲ್ಲಿ ನಿಮ್ಮದೇ ಸರಿ, ನಾವು ಕೊಟ್ಟ ಜಾಗ ಕಡಿಮೆ. ಅಲ್ಲಿಗೆ ನಿಮ್ಮ ಪಾಲಿನ ಅಂಕ ಮುಗಿಯಿತು. ಇನ್ನು ನನ್ನದು ಕೇಳಿ.

'ಒಬ್ಬನೂ ನಮ್ಮವನಲ್ಲ' ಎಂದಿರಿ. 1948ರ ಲಂಡನ್ ಒಲಿಂಪಿಕ್ಸಿನ ಭಾರತ ತಂಡದಲ್ಲಿ ಬೆಂಗಳೂರಿನವರನ್ನು ಎಣಿಸೋಣ. ಗೋಲ್‌ಕೀಪರ್ ವರದರಾಜ್, ಬಷೀರ್, ಧನರಾಜ್, ಅಹ್ಮದ್ ಖಾನ್, ಸಾರಂಗಪಾಣಿ ರಾಮನ್. ಜುಲೈ 31ರಂದು ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಿಂದ ಸೋತರು. ಆ ಒಂದು ಗೋಲು ಹೊಡೆದದ್ದು ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ನಮ್ಮೂರಿನ ಗಟ್ಟಿ ನೆಲದಲ್ಲಿ ಪಳಗಿದ ಕಾಲಿನಿಂದ ಬಂತು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಸುರಿಯಿತಲ್ಲ, ಅಲ್ಲೂ ಭಾರತದ ಮಾನಕ್ಕೆ ಉಳಿದ ಒಂದೇ ಗೋಲು ಅಹ್ಮದ್ ಖಾನರದು. ಕಲ್ಕತ್ತೆಯವರು ಅವರನ್ನೂ ಧನರಾಜರನ್ನೂ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಕರೆದುಕೊಂಡು ಹೋದರು, ಪಂಚಪಾಂಡವರು ಎಂದು ಕರೆದ ಐವರು ಮುನ್ಪಡೆ ಆಟಗಾರರಲ್ಲಿ ಇಬ್ಬರನ್ನು ನಮ್ಮವರನ್ನೇ ಮಾಡಿಕೊಂಡರು. ಬಂಗಾಳಿಗಳು ಅವರ ಜಾತಕ ಕೇಳಲಿಲ್ಲ. ಕೇಳುತ್ತಿರುವವರು ನಾವು.

ಅಚ್ಚ ಕನ್ನಡದ ಹೆಸರೇ ಬೇಕೆಂದು ನೀವು ಹಟ ಹಿಡಿದರೆ ಅದಕ್ಕೂ ಕೊರತೆಯಿಲ್ಲ. ಬೆಂಗಳೂರಿನ ಕೆಂಪಯ್ಯ 1956ರ ಮೆಲ್ಬರ್ನ್‌ನಲ್ಲೂ 1960ರ ರೋಮ್‌ನಲ್ಲೂ ಭಾರತದ ಪರ ಒಲಿಂಪಿಕ್ಸ್‌ಗೆ ಹೋದವರು. ಮೆಲ್ಬರ್ನ್‌ನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ, ಇವತ್ತಿಗೂ ನಮ್ಮ ಫುಟ್‌ಬಾಲ್ ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಮೇಲೆ ಏರಿಲ್ಲ. ಕೆಂಪಯ್ಯನವರ ಹೆಸರು ನಿಮ್ಮ ಶಾಲೆಯ ಯಾವ ಪಾಠದಲ್ಲಿತ್ತು? ಹೆಸರು ಕನ್ನಡದ್ದಾಗಿದ್ದರೂ ನಾವು ಮರೆತಿದ್ದೇವೆ. ಹಾಗಾದರೆ ತೊಡಕು ಹೆಸರಿನದಲ್ಲ.

ಇನ್ನು ದಂಡು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ಪಡೆಯನ್ನು ಬೆಂಗಳೂರಿಗೆ ತಂದು ಇಳಿಸಿದರು. ಪಡೆಯ ಬೆನ್ನಿಗೆ ಬಟ್ಲರು, ಧೋಬಿ, ಕುದುರೆ ನೋಡುವವರು, ಗಾರೆ ಕೆಲಸದವರು ಬಂದು ಹಲಸೂರಿನ ಸುತ್ತ ಗುಡಿಸಲು ಹಾಕಿದರು. ಗೋರಾಗಳು ಆಡುವಾಗ ಗೆರೆಯಾಚೆ ಉರುಳಿದ ಚೆಂಡನ್ನು ಎತ್ತಿಕೊಡುತ್ತಿದ್ದವರು ಅವರ ಮಕ್ಕಳು, ಮೊಮ್ಮಕ್ಕಳು. ಬೂಟಿಗೆ ಕಾಸಿಲ್ಲ, ಪಾದಕ್ಕೆ ಪಟ್ಟಿ ಸುತ್ತಿಕೊಂಡು ಆಡಿದರು. ಆಡಿ ಎಲ್ಲಿಗೆ ಹೋದರು? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ಮುಂಬಯಿಗೆ ಹೋಗಿ ರೋವರ್ಸ್ ಕಪ್ ಎತ್ತಿತು. ಆ ಟೂರ್ನಿ ಶುರುವಾದದ್ದು 1891ರಲ್ಲಿ. ಅಲ್ಲಿಯವರೆಗೆ ಸೈನ್ಯದ ತಂಡಗಳೇ ಹಂಚಿಕೊಂಡಿದ್ದ ಕಪ್ಪನ್ನು ಮೊದಲ ಸಲ ಭಾರತೀಯ ನಾಗರಿಕರ ತಂಡವೊಂದು ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ಬು ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದರ ಬಗ್ಗೆ ಬಂಗಾಳದಲ್ಲಿ ಇವತ್ತಿಗೂ ಪುಸ್ತಕದ ಮೇಲೆ ಪುಸ್ತಕ ಬರುತ್ತದೆ. 1937ರ ಗೆಲುವಿನ ಬಗ್ಗೆ ನಾವು ಕೊಟ್ಟದ್ದು ನಾಲ್ಕು ಪುಟ. ಅದೂ ಹೆಚ್ಚಾಯಿತು ಎಂದು ನಿಮ್ಮ ಕಾಗದ!

ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿದ್ದು 1947ರ ಜುಲೈನಲ್ಲಿ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲ ಸಲ ಗೆದ್ದದ್ದು 1946-47ರ ಸಾಲಿನಲ್ಲಿ. ದಂಡನ್ನು ಆಳುತ್ತಿದ್ದ ಬ್ರಿಟಿಷ್ ರೆಸಿಡೆನ್ಸಿಯ ಕಡತಗಳು ಇನ್ನೂ ಕೈಬದಲಾಗುತ್ತಿದ್ದ ಹೊತ್ತಿಗೆ ಈ ಹುಡುಗರು ಎದೆಯ ಮೇಲೆ ಮೈಸೂರು ಎಂದು ಹಾಕಿಕೊಂಡಾಗಿತ್ತು. ಆಮೇಲೆ 1952-53, 1967-68, 1968-69. ನನ್ನ ತಂದೆ ಗುಬ್ಬಿಯಿಂದ ಬಂದು ದೂರವಾಣಿನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆದವರು. ಫುಟ್‌ಬಾಲ್ ಎಂದರೇನೆಂದು ಗೊತ್ತಿಲ್ಲದ ಅವರನ್ನು ಮೈದಾನಕ್ಕೆ ಎಳೆದುಕೊಂಡು ಹೋದದ್ದು ಅದೇ ಶಿಫ್ಟಿನ ಹಲಸೂರಿನ ಗೆಳೆಯ. ರೆಫರಿಯನ್ನು ಬೈಯಲು ಶುರು ಮಾಡಿದರೆ ಆತ ತಮಿಳಿನಲ್ಲಿ ಎತ್ತಿಕೊಂಡು, ಉರ್ದುವಿನಲ್ಲಿ ಬೆಳೆಸಿ, ಕನ್ನಡದಲ್ಲಿ ಮುಗಿಸುತ್ತಿದ್ದನಂತೆ. ಕೊನೆಯ ಭಾಗವೇ ಎಲ್ಲಕ್ಕಿಂತ ಚುರುಕು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಮೈಸೂರು ಸತತ ಎರಡನೆಯ ವರ್ಷ ಟ್ರೋಫಿ ಗೆದ್ದ ರಾತ್ರಿ ಮನೆಗೆ ಒಂದು ಕೆ.ಜಿ. ಬಾದಾಮ್ ಹಲ್ವ ಬಂತು. 'ನೀನು ಹುಟ್ಟಿದಾಗ ಕಾಲು ಕೆ.ಜಿ. ತಂದಿದ್ದರು' ಎಂದು ಅಮ್ಮ ಈಗಲೂ ಹಂಗಿಸುತ್ತಾರೆ.

ಆ ಗೆಲುವಾದ ಮೇಲೆ 54 ವರ್ಷ ಕಾದೆವು. 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಟ್ರೋಫಿ ತಂದಿತು. ಮರುದಿನ ನಮ್ಮ ಮನೆಗೆ ಬರುವ ಪತ್ರಿಕೆಗಳಲ್ಲಿ ಅದನ್ನು ಹುಡುಕಬೇಕಾಯಿತು, ಕ್ರಿಕೆಟ್ಟಿನದು ಹುಡುಕದೆ ಸಿಕ್ಕಿತು. ಇಷ್ಟು ವರ್ಷ ಏಕೆ ಹಿಡಿಯಿತು ಎಂದು ತಜ್ಞರು ನೂರು ಕಾರಣ ಹೇಳಬಹುದು. ನನಗೆ ಕಾಣುವುದು ಎರಡು. ದೂರವಾಣಿಯ ಐಟಿಐ, ವಿಮಾನದ ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು ಸಾಕುತ್ತಿದ್ದವು, ಆ ಕೆಲಸಗಳು ಕರಗಿದವು. ಎರಡನೆಯದು ಮೈದಾನ.

ಗೌತಮಪುರಕ್ಕೆ ಒಮ್ಮೆ ಬನ್ನಿ. ಊರವರು ಮಿನಿ ಬ್ರೆಜಿಲ್ ಎನ್ನುತ್ತಾರೆ. ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ನಾಲ್ಕನೆಯವನಾಗಿ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂತೆಂದರೆ ಓಣಿಯುದ್ದಕ್ಕೂ ಹಳದಿ-ಹಸಿರು. ಜಾಗ ಮಾತ್ರ ಇಕ್ಕಟ್ಟು. ಇಲ್ಲಿಯ ಹುಡುಗನಿಗೆ ಚೆಂಡನ್ನು ದೂರ ಒದೆಯುವುದು ಗೊತ್ತಿಲ್ಲ ಎಂದು ಹಳೆಯ ಕೋಚ್‌ಗಳು ಗೊಣಗುತ್ತಾರೆ. ದೂರ ಒದ್ದರೆ ಯಾರದೋ ಮನೆಯ ಕಿಟಕಿ, ಮತ್ತೆ ಚೆಂಡು ವಾಪಸು ಬಂದರೆ ಪುಣ್ಯ. ಹಾಗಾಗಿ ಕಾಲಿಗಂಟಿಸಿಕೊಂಡೇ ಮೂವರನ್ನು ದಾಟುವುದನ್ನು ಏಳು ವರ್ಷಕ್ಕೇ ಕಲಿಯುತ್ತಾನೆ. ಬೆಂಗಳೂರಿನ ಡ್ರಿಬ್ಲಿಂಗ್ ಎಂದು ಕಲ್ಕತ್ತೆಯವರು ಹೊಗಳಿದ್ದರ ಗುಟ್ಟು ಇಂಥ ಕಿರಿದಾದ ಕೆಂಪು ಗರಸು ನೆಲದಲ್ಲಿದೆ ಎಂದೇ ನನ್ನ ನಂಬಿಕೆ.

ಆ ನೆಲದ ಮೇಲೆ ಎಲ್ಲರ ಕಣ್ಣು. ದೀಪಾವಳಿಗೆ ಪಟಾಕಿ ಮಳಿಗೆ, ಚುನಾವಣೆಗೆ ಸಭೆ, ಮದುವೆಗೆ ಕಾರು ನಿಲ್ದಾಣ. ನವೆಂಬರಿನಲ್ಲಿ, ಕ್ಷಮಿಸಿ, ನಮ್ಮದೇ ರಾಜ್ಯೋತ್ಸವದ ಪೆಂಡಾಲು. ಪೆಂಡಾಲು ಬಿಚ್ಚಿದವರು ಗೂಟದ ಗುಣಿ ಮುಚ್ಚಿ ಹೋದದ್ದನ್ನು ನಾನಂತೂ ಕಂಡಿಲ್ಲ. ಆ ಗುಣಿಯಲ್ಲಿ ಕಾಲು ಸಿಕ್ಕಿ ಮಂಡಿ ಹೋದರೆ ಹುಡುಗನ ಆಟ ಮುಗಿಯಿತು, ಆಪರೇಷನ್ನಿಗೆ ಅವರಪ್ಪನ ಹತ್ತಿರ ದುಡ್ಡಿರುವುದಿಲ್ಲ. ಇನ್ನೊಂದು ಕಡೆ ಮಹಡಿಯ ಮೇಲೆ, ಗೋಡೌನ್ ಹಿಂದೆ ಬಲೆ ಕಟ್ಟಿದ ಕೃತಕ ಹುಲ್ಲಿನ ಟರ್ಫುಗಳು ಎದ್ದಿವೆ, ಗಂಟೆಗೆ ಸಾವಿರದ ಮೇಲೆ ಬಾಡಿಗೆ. ರಾತ್ರಿ ಕಂಪನಿಯವರು ಬಂದು ಬೆವರಿಳಿಸಿ ಹೋಗಲಿ, ನನ್ನ ತಕರಾರಿಲ್ಲ. ಗೌತಮಪುರದ ಹುಡುಗ ಗಂಟೆಗೆ ಸಾವಿರ ಕೊಟ್ಟು ರಾಮನ್ ಆಗುವುದಿಲ್ಲ.

ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರಿಂದ ಒಂದು ಕಾಯ್ದೆ ಇದೆ. ಆದರೂ ಬಯಲು ಕಂಡರೆ ನಮಗೆ ಅದು ಖಾಲಿ ಇದೆ ಎನಿಸುತ್ತದೆ. ನೀವು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದವರು, ನಿಮಗೆ ತಿಳಿಯದ್ದೇನಲ್ಲ. ಶಾಲೆಯ ಅಂಗಳದಲ್ಲಿ ಮೊದಲು ನೀರಿನ ಟ್ಯಾಂಕು, ಆಮೇಲೆ ಅಂಗನವಾಡಿ, ಆಮೇಲೆ ಶುದ್ಧ ನೀರಿನ ಘಟಕ, ಕೊನೆಗೆ ಯಾರೋ ದಾನಿಯ ಹೆಸರಿನ ರಂಗಮಂಟಪ. ಒಂದೊಂದೂ ಬೇಕಾದದ್ದೇ. ನಿಮ್ಮ ಕಬಡ್ಡಿ ಹುಡುಗರು ಎಲ್ಲಿ ಆಡಬೇಕು? ಅವರ ಶತ್ರು ಫುಟ್‌ಬಾಲ್ ಅಲ್ಲ ಮೇಷ್ಟ್ರೇ. ನೀವು ಕೇಳುತ್ತಿರುವ ಭವನವೇ ಅವರ ಶತ್ರು.

ಭವನದ ಮಾತು ಬಂದದ್ದಕ್ಕೆ ಇನ್ನೊಂದು. ಆಸ್ಟಿನ್ ಟೌನಿಗೆ ಸರ್ಕಾರಿ ಕಾಗದದಲ್ಲಿ ಎಫ್. ಕಿಟ್ಟೆಲ್ ನಗರ ಎಂದು ಹೆಸರು. ಜರ್ಮನಿಯಿಂದ ಬಂದು ನಮಗೆ 1894ರಲ್ಲಿ ನಿಘಂಟು ಕೊಟ್ಟವರನ್ನು ನೀವೂ ನಾನೂ ನಮ್ಮವರು ಎಂದು ಎದೆತಟ್ಟಿ ಹೇಳುತ್ತೇವೆ, ಹೇಳಲೇಬೇಕು. ಆದರೆ ಅವರ ಹೆಸರಿನ ಬಡಾವಣೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕರ್ನಾಟಕದ ಅಂಗಿ ತೊಟ್ಟು ಆಡುವ ಹುಡುಗ ಮನೆಯಲ್ಲಿ ತಮಿಳಾಡುತ್ತಾನೆ ಎಂಬ ಒಂದೇ ಕಾರಣಕ್ಕೆ ಹೊರಗಿನವನೆ? ಈ ಲೆಕ್ಕ ನನಗೆ ಹತ್ತುತ್ತಿಲ್ಲ.

ನನ್ನ ಕಳವಳ ಬೇರೆಯೇ ಇದೆ. ಈ ಕ್ಲಬ್ಬುಗಳ ದಾಖಲೆ ಎಂದರೆ ಯಾವನೋ ಹಳೆಯ ಕಾರ್ಯದರ್ಶಿಯ ಮನೆಯ ಟ್ರಂಕು. ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಾಗ ಟ್ರಂಕು ಗುಜರಿಗೆ ಹೋಗುತ್ತದೆ, ತಂಡದ ಫೋಟೋ, ರಸೀತಿ ಪುಸ್ತಕ, ಪಂದ್ಯದ ಕರಪತ್ರ ಎಲ್ಲ ಸೇರಿ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಅರುಮೈನಾಯಗಂ ಇದ್ದರು. ಅವರು ಹುಡುಗನಾಗಿ ಆಡಿದ ಪಂದ್ಯಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ ಓದೋಣವೆಂದರೆ ನನ್ನ ಕೈಗೆ ಸಿಕ್ಕಿಲ್ಲ. ದಂಡಿನ ಹಳೆಯ ಮನೆಗಳಲ್ಲಿ ಇಂಥ ಕಾಗದಪತ್ರ, ಫೋಟೋ ಇಟ್ಟುಕೊಂಡ ಓದುಗರು ದಯವಿಟ್ಟು ನಕಲು ಕಳಿಸಿ, ಯಾವ ಭಾಷೆಯಲ್ಲಿದ್ದರೂ ಸರಿ. ಅನುವಾದದ ಹೊಣೆ ನಮ್ಮದು.

ಮೇಷ್ಟ್ರೇ, ನಿಮಗೂ ಒಂದು ಕೆಲಸ. ನಿಮ್ಮ ತಾಲ್ಲೂಕಿನ ಕಬಡ್ಡಿ ತಂಡಗಳ ಬಗ್ಗೆ, ಅವರು ಆಡುತ್ತಿದ್ದ ಅಂಕಣಗಳ ಮೇಲೆ ಈಗ ಏನೇನು ಎದ್ದಿದೆ ಎಂಬುದರ ಬಗ್ಗೆ ಬರೆದು ಕಳಿಸಿ. ಅರ್ಧ ಪುಟವಲ್ಲ, ನಾಲ್ಕು ಪುಟ ಖಾಲಿ ಇಟ್ಟಿದ್ದೇನೆ. ಮುಂದಿನ ತಿಂಗಳ ಹತ್ತನೇ ತಾರೀಖಿನ ಒಳಗೆ ತಲುಪಲಿ. ಕಾಗದದ ಒಂದೇ ಮಗ್ಗುಲಲ್ಲಿ ಬರೆಯಿರಿ, ನಮ್ಮ ಡಿಟಿಪಿ ಹುಡುಗಿ ನಿಮ್ಮ ಕೈಬರಹಕ್ಕೆ ಹೆದರಿದ್ದಾಳೆ.
– ಸಂ.