ಎಲೆ ಹಳದಿಯಾದ ಕೂಡಲೇ ಯೂರಿಯಾ ಚೀಲ ಬಿಚ್ಚಬೇಡಿ

ಪ್ರಶ್ನೆ: ರಾಣೆಬೆನ್ನೂರು ತಾಲ್ಲೂಕಿನಲ್ಲಿ ನನಗೆ ನಾಲ್ಕು ಎಕರೆ ಮಳೆಯಾಶ್ರಿತ ಜಮೀನಿದೆ. ವರ್ಷವೂ ಗೋವಿನಜೋಳವೇ. ಎಕರೆಗೆ ಬಿತ್ತುವಾಗ ಒಂದು ಚೀಲ ಡಿಎಪಿ, ಆಮೇಲೆ ಎರಡು ಸಲವಾಗಿ ಮೂರು ಚೀಲ ಯೂರಿಯಾ ಹಾಕುತ್ತೇನೆ. ಆದರೂ ಬೆಳೆ ಹಳದಿಯಾಗುತ್ತದೆ, ಇಳುವರಿ ಏರುತ್ತಿಲ್ಲ. ಇನ್ನೊಂದು ಚೀಲ ಯೂರಿಯಾ ಹಾಕಿ ನೋಡು ಎನ್ನುತ್ತಾರೆ ಪಕ್ಕದ ಹೊಲದವರು. ಹಾಕಲೇ?

ಉತ್ತರ: ಬೇಡ. ಈಗ ಹಾಕುತ್ತಿರುವುದೇ ಹೆಚ್ಚಾಗಿದೆ.

ಲೆಕ್ಕ ನೋಡಿ. 45 ಕಿಲೊ ಯೂರಿಯಾ ಚೀಲದಲ್ಲಿ ಸಾರಜನಕ ಶೇ 46, ಅಂದರೆ ಸುಮಾರು 20.7 ಕಿಲೊ. 50 ಕಿಲೊ ಡಿಎಪಿಯಲ್ಲಿ 9 ಕಿಲೊ ಸಾರಜನಕ, 23 ಕಿಲೊ ರಂಜಕ. ನಿಮ್ಮ ಎಕರೆಗೆ ಬೀಳುತ್ತಿರುವ ಸಾರಜನಕ 71 ಕಿಲೊ. ಮಳೆಯಾಶ್ರಿತ ಗೋವಿನಜೋಳಕ್ಕೆ ಶಿಫಾರಸು ಇರುವುದು ಹೆಕ್ಟೇರಿಗೆ 100 ಕಿಲೊ ಸಾರಜನಕ, 50 ಕಿಲೊ ರಂಜಕ, 25 ಕಿಲೊ ಪೊಟ್ಯಾಷ್. ಎಕರೆಗೆ ಇಳಿಸಿದರೆ 40, 20, 10. ನೀರಾವರಿ ಬೆಳೆಗೂ ಎಕರೆಗೆ 60 ಕಿಲೊ ಸಾರಜನಕ ಸಾಕು. ನೀವು ಅದನ್ನೂ ದಾಟಿದ್ದೀರಿ, ಪೊಟ್ಯಾಷ್ ಮಾತ್ರ ಒಂದು ಹಿಡಿಯೂ ಇಲ್ಲ. ಯೂರಿಯಾ ಅಗ್ಗಕ್ಕೆ ಸಿಗುತ್ತದೆ, ಹಾಕಿದ ವಾರದೊಳಗೆ ಹೊಲ ಕಪ್ಪುಹಸಿರಾಗಿ ಕಣ್ಣಿಗೆ ಒಪ್ಪುತ್ತದೆ. ಪೊಟ್ಯಾಷ್ ಹಾಗೆ ಮೆರೆಯುವ ಗೊಬ್ಬರವಲ್ಲ, ಅದರ ಕೆಲಸ ಕಾಳಿನ ತೂಕದಲ್ಲಿ ಮತ್ತು ದಂಟಿನ ಗಟ್ಟಿತನದಲ್ಲಿ ಕಾಣುತ್ತದೆ.

ಇನ್ನು ಹಳದಿಯ ವಿಷಯ. ಹಳದಿ ಎಂದಷ್ಟೇ ಬರೆದಿದ್ದೀರಿ. ಯಾವ ಎಲೆ, ಎಲೆಯ ಯಾವ ಭಾಗ ಎಂಬುದು ಪತ್ರದಲ್ಲಿಲ್ಲ. ಹೊಲಕ್ಕೆ ಹೋಗಿ ಕೂತು ನೋಡಿ. ಬುಡದ ಹಳೆಯ ಎಲೆ ತುದಿಯಿಂದ ಶುರುವಾಗಿ ನಡುನರದ ಗುಂಟ ಒಳಕ್ಕೆ ಹಳದಿಯಾಗುತ್ತ ಬಂದಿದ್ದರೆ ಸಾರಜನಕದ ಕೊರತೆ. ಅದೇ ಬುಡದ ಎಲೆಯ ನಡುಭಾಗ ಹಸಿರಾಗಿದ್ದು ಅಂಚು ಮಾತ್ರ ಸುಟ್ಟಂತಾಗಿದ್ದರೆ ಪೊಟ್ಯಾಷ್ ಕೊರತೆ. ಈ ಎರಡನ್ನೂ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕಳಿಸಬಲ್ಲದು, ಹಾಗಾಗಿ ಮೊದಲು ಬಡವಾಗುವುದು ಕೆಳಗಿನ ಎಲೆಗಳು. ಸತುವನ್ನು ಹಾಗೆ ಸಾಗಿಸಲು ಗಿಡಕ್ಕೆ ಸುಲಭವಲ್ಲ. ಆದ್ದರಿಂದ ಮೇಲಿನ ಎಳೆಯ ಎಲೆಯಲ್ಲಿ, ನಡುನರದ ಎರಡೂ ಬದಿಗೆ, ಬುಡದ ಕಡೆ ಅಗಲವಾದ ಬಿಳಿಹಳದಿ ಪಟ್ಟೆ ಮೂಡಿದರೆ ಅದು ಸತುವಿನ ಕೊರತೆ. ಅದಕ್ಕೆ ಯೂರಿಯಾ ಮದ್ದಲ್ಲ. ಮುಂದಿನ ಬಿತ್ತನೆಗೆ ಎಕರೆಗೆ 4 ಕಿಲೊ ಸತುವಿನ ಸಲ್ಫೇಟ್ ಮಣ್ಣಿಗೆ ಸೇರಿಸಿ. ಡಿಎಪಿಯ ಜೊತೆ ಕಲಸಬೇಡಿ, ರಂಜಕದೊಂದಿಗೆ ಕೂಡಿದ ಸತು ಬೇರಿಗೆ ಸಿಗದಂತಾಗುತ್ತದೆ.

ಜುಲೈ–ಆಗಸ್ಟಿನಲ್ಲಿ ಎರೆ ಹೊಲದಲ್ಲಿ ನೀರು ನಿಂತು ಇಡೀ ಬೆಳೆ ಹಳದಿಗಟ್ಟುವುದು ಬೇರೆ ಸಂಗತಿ. ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರಿಗೆ ಉಸಿರು ಕಟ್ಟಿರುತ್ತದೆ, ಪಕ್ಕದಲ್ಲಿ ಗೊಬ್ಬರವಿದ್ದರೂ ಹೀರಲಾರದು. ಅಂಥ ಹೊತ್ತಿನಲ್ಲಿ ಯೂರಿಯಾ ಎರಚಿದರೆ ಒಂದಷ್ಟು ನೀರಿನೊಂದಿಗೆ ಹರಿದುಹೋಗುತ್ತದೆ, ಒಂದಷ್ಟು ಗಾಳಿಯ ಪಾಲಾಗುತ್ತದೆ. ಮೊದಲು ಬಸಿಗಾಲುವೆ ತೆಗೆದು ನೀರು ಇಳಿಸಿ. ಹೊಲ ಆರಿದ ಮೇಲೆ ಗೊಬ್ಬರದ ಮಾತು.

ನಿಮ್ಮ ಎಕರೆಗೆ ನನ್ನ ಸಲಹೆ ಇದು: ಬಿತ್ತುವಾಗ ಒಂದು ಚೀಲ ಡಿಎಪಿ, ಅರ್ಧ ಚೀಲ ಯೂರಿಯಾ, 17 ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್ (ಇದರಲ್ಲಿ ಪೊಟ್ಯಾಷ್ ಸುಮಾರು 10 ಕಿಲೊ). ಗೊಬ್ಬರ ಬೀಜದ ಪಕ್ಕಕ್ಕೆ, ಕೆಳಗೆ ಬೀಳಲಿ, ಬೀಜಕ್ಕೆ ತಾಗಬಾರದು. 30–35 ದಿನಕ್ಕೆ ಮೇಲುಗೊಬ್ಬರವಾಗಿ ಒಂದು ಚೀಲ ಯೂರಿಯಾ. ಸಾರಜನಕ ಅಲ್ಲಿಗೆ 40 ಕಿಲೊ ಮುಟ್ಟಿತು, ಒಂದೂವರೆ ಚೀಲ ಉಳಿಯಿತು. ಮೇಲುಗೊಬ್ಬರ ಹಾಕಿದ ದಿನವೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸಿ. ಹಸಿ ಮಣ್ಣಿನ ಮೇಲೆ ಬಿಸಿಲಿಗೆ ಬಿದ್ದ ಯೂರಿಯಾ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಬೇವು ಲೇಪಿತ ಯೂರಿಯಾ ಆದರೇನು, ಮೇಲೆ ಬಿದ್ದಿದ್ದರೆ ಈ ನಷ್ಟ ತಪ್ಪದು. ಲೇಪನ ಮುಖ್ಯವಾಗಿ ತಡೆಯುವುದು ಸಾರಜನಕ ನೈಟ್ರೇಟ್ ಆಗಿ ಬಸಿದುಹೋಗುವುದನ್ನು.

ತಿಪ್ಪೆಗೊಬ್ಬರದ ಬಗ್ಗೆ ನೀವು ಬರೆದೇ ಇಲ್ಲ. ಎಕರೆಗೆ ಮೂರು ಟನ್ ಆದರೂ ಬೇಕು. ದನ ಕಡಿಮೆಯಿದ್ದು ಅಷ್ಟು ಹೊಂದಿಸಲಾಗದಿದ್ದರೆ ವರ್ಷಕ್ಕೆ ಒಂದೆಕರೆಯಂತೆ ಸರದಿ ಹಾಕಿಕೊಳ್ಳಿ. ಸಾಲುಗಳ ನಡುವೆ ತೊಗರಿ ತಂದರೆ ಇನ್ನೂ ಒಳ್ಳೆಯದು.

ಮೇಲಿನ ಅಂಕಿಗಳು ಸಾಧಾರಣ ಫಲವತ್ತತೆಯ ಹೊಲಕ್ಕೆ ಹೇಳಿದ್ದು. ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು ಎಂಟು–ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೋಡಿ, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದು ತೆಗೆಯಿರಿ; ಎಲ್ಲವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೊ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ವರ್ಷಗಟ್ಟಲೆ ಡಿಎಪಿ ಉಂಡ ಹೊಲ ನಿಮ್ಮದು. ವರದಿಯಲ್ಲಿ ರಂಜಕ ಹೆಚ್ಚು ಎಂದು ಬಂದರೆ ಡಿಎಪಿಯನ್ನು ಕಾಲು ಭಾಗ ಇಳಿಸಿ.

ಪ್ರಶ್ನೆ: ಯೂರಿಯಾ ಕೊಡಬೇಕಾದರೆ ನ್ಯಾನೊ ಯೂರಿಯಾ ಬಾಟಲಿಯನ್ನೂ ಕೊಳ್ಳಬೇಕು ಎಂದು ಅಂಗಡಿಯವರು ಹಟ ಹಿಡಿಯುತ್ತಾರೆ. ಒಂದು ಬಾಟಲಿ ಒಂದು ಚೀಲಕ್ಕೆ ಸಮವಂತೆ. ನಿಜವೇ?

ಉತ್ತರ: ನ್ಯಾನೊ ಯೂರಿಯಾ ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ. ಅದರ ಅರ್ಧ ಲೀಟರ್ ಬಾಟಲಿಯಲ್ಲಿ, ಶೇ 4ರ ಲೆಕ್ಕದಲ್ಲಿ, ಸಾರಜನಕ 20 ಗ್ರಾಂ, ಶೇ 20ರದ್ದಾದರೆ ಸುಮಾರು ನೂರು ಗ್ರಾಂ. ಚೀಲದಲ್ಲಿರುವುದು 20 ಕಿಲೊಗೂ ಹೆಚ್ಚು. ಎಲೆಯ ಮೇಲೆ ಬಿದ್ದದ್ದು ಚೆನ್ನಾಗಿ ದಕ್ಕುತ್ತದೆ ಎಂದು ಒಪ್ಪಿದರೂ ಈ ಅಂತರ ತುಂಬುವುದು ಹೇಗೆಂದು ನನಗೆ ತಿಳಿಯದು. ಬೇಕೆನಿಸಿದರೆ ಒಂದು ಮೂಲೆಯ ಹತ್ತು ಗುಂಟೆಯಲ್ಲಿ ಸಿಂಪಡಿಸಿ, ಕಾಳು ತೂಗಿ ಹೋಲಿಸಿ ನೋಡಿ. ಆದರೆ ಒಂದನ್ನು ಕೊಳ್ಳಲು ಇನ್ನೊಂದನ್ನು ಕಡ್ಡಾಯ ಮಾಡುವಂತಿಲ್ಲ. ರಸೀದಿ ಕೇಳಿ ಪಡೆಯಿರಿ, ಒತ್ತಾಯಿಸಿದರೆ ಅದನ್ನು ಹಿಡಿದು ಕೃಷಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಲಿಖಿತ ದೂರು ಕೊಡಿ.