ತಲೆಗೆ ಪೆಟ್ಟಾದ ನಂತರದ ಮರೆವು, ಸಿಟ್ಟು: ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ

ಅಕ್ಕ, ನಿಮ್ಮ ತಮ್ಮ ಕೊಳೆ ರೋಗದ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದು, ತಲೆಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾದರೂ ಹೇಳಿದ್ದನ್ನೆಲ್ಲ ಮರೆಯುತ್ತಾನೆ, ಸಣ್ಣ ಮಾತಿಗೂ ರೇಗುತ್ತಾನೆ, ಬೇಕೆಂದೇ ಹೀಗೆ ಮಾಡುತ್ತಾನೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ನಮ್ಮ ಅಣ್ಣನೂ ಹೀಗೆಯೇ ಬಿದ್ದು ಆರು ವರ್ಷವಾಯಿತು. ಆ ಅನುಭವದಿಂದ ಬರೆಯುತ್ತಿದ್ದೇನೆ.

ಬೇಕೆಂದು ಮಾಡುವುದಲ್ಲ. ಸಿಟ್ಟಿಗೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗ, ಹೊಸ ಸಂಗತಿಯನ್ನು ನೆನಪಿಗೆ ಸೇರಿಸುವ ಕಿವಿಯ ನೇರದ ಒಳಭಾಗ, ಬಿದ್ದ ರಭಸಕ್ಕೆ ಮಿದುಳು ಬುರುಡೆಗೆ ಬಡಿದಾಗ ಹೆಚ್ಚಾಗಿ ಘಾಸಿಯಾಗುವುದು ಇವಕ್ಕೇ. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಯಾವ ಸಾಲಿನಲ್ಲಿ ಸಸಿ ನೆಟ್ಟದ್ದೆಂದು ಅಣ್ಣ ಸರಿಯಾಗಿ ಹೇಳುತ್ತಿದ್ದ, ಬೆಳಿಗ್ಗೆ ಮೋಟಾರು ಹಾಕಿದ್ದು ಮಾತ್ರ ನೆನಪಿರುತ್ತಿರಲಿಲ್ಲ.

ಒಂದು ದಿನ ಕೆಳಗಿನ ತೋಟಕ್ಕೆ ಬೋರ್ಡೋ (ಕೊಳೆಗೆ ಹೊಡೆಯುವ ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸಿಯಾಯಿತು ಎಂದ. ಹೋಗಿ ನೋಡಿದರೆ ಡ್ರಮ್ಮು ಒಣಗಿತ್ತು, ಮೈಲುತುತ್ತಿನ ಚೀಲ ಬಿಚ್ಚಿರಲೂ ಇಲ್ಲ. ನಾನು ಸುಳ್ಳುಗಾರ ಎಂದು ಬೈದೆ, ಎರಡು ದಿನ ಮನೆಯಲ್ಲಿ ಮಾತಿಲ್ಲ. ನೆನಪಿನ ತೆರಪನ್ನು ಮಿದುಳು ತಾನೇ ಏನಾದರೂ ತುಂಬಿಸಿಕೊಳ್ಳುತ್ತದೆ, ಹೇಳುವವನಿಗೆ ಅದು ನಿಜವೇ ಆಗಿರುತ್ತದೆ ಎಂದು ವೈದ್ಯರಿಂದ ತಿಳಿದದ್ದು ಆಮೇಲೆ.

ಅಂದಿನಿಂದ "ನೆನಪಿದೆಯಾ?" ಎಂದು ಪರೀಕ್ಷಿಸುವುದನ್ನು ನಿಲ್ಲಿಸಿದೆವು. ಊಹಿಸಿ ಹೇಳಿದ ತಪ್ಪು ಉತ್ತರವೇ ಇಂಥ ಮರೆವಿರುವವರಲ್ಲಿ ಗಟ್ಟಿಯಾಗಿ ಕೂರುತ್ತದೆ. ಸರಿಯಾದದ್ದನ್ನು ನಾವೇ ಹೇಳಿ, ಅದನ್ನೇ ಮತ್ತೆ ಮತ್ತೆ ಮಾಡಿಸುವುದು ಒಳ್ಳೆಯದು. ಪಂಪ್‌ಹೌಸಿನ ಗೋಡೆಗೆ ಒಂದು ಸ್ಲೇಟು ತೂಗುಹಾಕಿ, ಹಾಕಿದ ಹೊತ್ತು, ತೆಗೆಯುವ ಹೊತ್ತು ಎಂದು ಎರಡು ಗೆರೆ ಎಳೆದೆವು. ಸ್ಟಾರ್ಟರಿಗೆ ಟೈಮರ್ ಕೂಡಿಸಿದೆವು. ಜೇಬಿನಲ್ಲಿ ಒಂದೇ ಪುಸ್ತಕವಿರಲಿ, ಚೀಟಿಗಳು ಬೇಡ, ಚೀಟಿ ಎಲ್ಲಿಟ್ಟೆ ಎಂಬುದೇ ಮರೆತುಹೋಗುತ್ತದೆ. ಕೀಲಿ, ಕತ್ತಿ, ಮಾತ್ರೆ ದಿನವೂ ಅದೇ ಜಾಗದಲ್ಲಿರಬೇಕು. ಕ್ರಿಮಿನಾಶಕ ಮಾತ್ರ ಬೀಗದೊಳಗಿರಲಿ.

ಸಿಟ್ಟಿಗೆ ಮುಖ್ಯ ಕಾರಣ ದಣಿವು ಮತ್ತು ಗದ್ದಲ. ಸುಲಿಯುವ ಯಂತ್ರ ಓಡುತ್ತಿರುವಾಗ ಇಬ್ಬರು ಒಟ್ಟಿಗೆ ಮಾತಾಡಿದರೆ ಅಣ್ಣ ಕೈಯಲ್ಲಿದ್ದ ಬುಟ್ಟಿಯನ್ನೇ ಎಸೆಯುತ್ತಿದ್ದ. ಮಧ್ಯಾಹ್ನ ಒಂದು ಗಂಟೆ ಮಲಗಿಸಿ, ಒಮ್ಮೆಗೆ ಒಂದೇ ಕೆಲಸ ಹೇಳಿ. ರೇಗಿದಾಗ ವಾದಕ್ಕಿಳಿಯದೆ ಹದಿನೈದು ನಿಮಿಷ ದೂರ ಸರಿಯಿರಿ. ಸುಮ್ಮನೆ ಕುಳಿತೇ ಇರುವುದನ್ನೂ ಸೋಮಾರಿತನ ಎನ್ನಬೇಡಿ. "ಏನಾದರೂ ಮಾಡು" ಎಂದರೆ ಏಳದವನು "ಬಾ, ಈ ಬುಟ್ಟಿ ಅಡಿಕೆ ಆರಿಸೋಣ" ಎಂದರೆ ಎದ್ದು ಬರುತ್ತಾನೆ.

ಫಿಟ್ಸ್ ಬರದಂತೆ ಕೊಡುವ ಲೆವೆಟಿರಾಸಿಟಾಮ್ ಮಾತ್ರೆಯಿಂದ ಕೆಲವರಿಗೆ ಸಿಡುಕು ಹೆಚ್ಚುವುದುಂಟು. ನಿಮ್ಮ ತಮ್ಮನಿಗೆ ಅದೇ ಇದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಫಿಟ್ಸೇ ಬರಬಹುದು. ಮದ್ಯವೂ ಅಪಾಯವೇ. ತಲೆನೋವು ದಿನೇ ದಿನೇ ಏರಿದರೆ, ವಾಂತಿ, ವಿಪರೀತ ಮಂಪರು, ಒಂದು ಕಡೆಯ ಕೈಕಾಲಿನ ಸೋಲು ಕಂಡರೆ, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ನಂತರ ನಿಧಾನವಾಗಿ ವರ್ಷಗಟ್ಟಲೆ ಮುಂದುವರಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನೆನಪು, ಗಮನ, ನಡವಳಿಕೆಗಳನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಅಭ್ಯಾಸ ಕೊಡುವ ವಿಭಾಗಗಳಿವೆ. ಬಿಡುಗಡೆಯ ಚೀಟಿ, ಸ್ಕ್ಯಾನ್ ಎಲ್ಲ ಒಯ್ಯಿರಿ. ನಿಮಗೇ ತಡೆಯಲಾಗದಷ್ಟು ಬೇಸರವಾದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ.

ಮತ್ತೆ ಮರ ಹತ್ತಿಸಬಹುದೇ ಎಂಬುದಕ್ಕೆ ನನ್ನ ಉತ್ತರ: ಬೇಡ. ಬೈಕು ಕೂಡ ವೈದ್ಯರು ಒಪ್ಪುವ ತನಕ ಬೇಡ. ಈ ಸಲ ಔಷಧಿ ಹೊಡೆಯಲು, ಅಡಿಕೆ ಗೊನೆ ಕೊಯ್ಯಲು ದೋಟಿಯವರನ್ನು (ನೆಲದಲ್ಲೇ ನಿಂತು ಉದ್ದ ಕೋಲಿನಿಂದ ಕೆಲಸ ಮಾಡುವವರನ್ನು) ಈಗಲೇ ಗೊತ್ತುಮಾಡಿಕೊಳ್ಳಿ. ಮಳೆ ಹಿಡಿದ ಮೇಲೆ ಅವರು ಸಿಗುವುದಿಲ್ಲ.